ಗಿಂಡಿಯೊಳಗಿನ ಹರಳು

ಗುರುಮಲ್ಲಪ್ಪ ಆ ಗಿಂಡಿಯನ್ನು ಎರಡು ಸಲ ತಿರುಗಿಸಿ ನೋಡಿದ. ಆದದ್ದು ಅಷ್ಟೇ. ಬಾಯಿಬಿಟ್ಟು ಒಂದು ಮಾತು ಹೊಗಳಲಿಲ್ಲ, ತಲೆ ಕೂಡ ಆಡಿಸಲಿಲ್ಲ. ಇನ್ನೂ ಹಸಿಯಾಗಿದ್ದ ಗಿಂಡಿಯನ್ನು ಅಂಗೈ ಮೇಲಿಟ್ಟುಕೊಂಡು, ಬಿಸಿಲಿಗೆ ಹಿಡಿದು ಒಮ್ಮೆ ಸುತ್ತ ತಿರುಗಿಸಿದ. ಸಾಲದು ಅನ್ನಿಸಿತೋ ಏನೋ, ಮತ್ತೊಮ್ಮೆ ತಿರುಗಿಸಿದ. ಆಮೇಲೆ ಅದನ್ನು ನೆರಳಿಗಿಟ್ಟು ಮಡಕೆ ಮಾಡುವ ತನ್ನ ತಿಗರಿಯ ಕಡೆ ಹೋದ. ಅಡುಗೆಮನೆಯ ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದ ಅವನ ಹೆಂಡತಿ ಮಹಾದೇವಮ್ಮನಿಗೆ ಹೊಟ್ಟೆಯೊಳಗೆ ಯಾರೋ ಕೆಂಡ ಸುರಿದ ಹಾಗಾಯಿತು.

ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಪ್ರತಿ ಸುಗ್ಗಿಗೂ ಗಿಂಡಿಯ ಮೇಲೆ ಚಿತ್ತಾರ ಬರೆದವಳು ಅವಳು. ಅದರಲ್ಲಿ ಒಂದನ್ನಾದರೂ ಈ ಗಂಡಸು ತಿರುಗಿಸಿ ನೋಡಿದ್ದುಂಟೆ? "ಒಣಗೇತೇನು?" ಅನ್ನುತ್ತಾನೆ, ಎತ್ತಿಕೊಂಡು ಹೋಗಿ ಆವಿಗೆಯಲ್ಲಿ ಸುಡಲು ಇಡುತ್ತಾನೆ. ಗಿಂಡಿಗೂ ಇಡ್ಲಿ ಹಿಟ್ಟಿನ ಗಡಿಗೆಗೂ ಅವನಿಗೆ ಭೇದವಿಲ್ಲ ಅಂತಲೇ ಅವಳು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದಳು. ಭೇದ ಇದೆ ಅಂತ ಇವತ್ತು ಗೊತ್ತಾಯಿತು. ಆ ಗಿಂಡಿ ಬರೆದವಳು ಮೈದುನ ಲೋಕಪ್ಪನ ಹೆಂಡತಿ ನೀಲಾಂಬಿಕ. ಹೋದ ವೈಶಾಖದಲ್ಲಿ ಸೊರಬದ ಕಡೆಯ ಉಳವಿಯಿಂದ ಬಂದವಳು. ಮಾತಿಗೊಂದು ಸಲ "ಎಂತ" ಅನ್ನುವವಳು.

ಬಳ್ಳಿಗಾವಿಯ ಕುಂಬಾರ ಓಣಿಯಲ್ಲಿ ಆ ವರ್ಷ ಸುಡುವ ಮಡಕೆ ಕಡಿಮೆಯಾಗಿತ್ತು. ಆನವಟ್ಟಿ ಸಂತೆಗೆ ಅಲ್ಯುಮಿನಿಯಂ ಪಾತ್ರೆ ಗಾಡಿಗಟ್ಟಲೆ ಬಂದು ಇಳಿಯುತ್ತಿತ್ತು. ಹೊಸ ಮೈಸೂರು ರಾಜ್ಯ ಆಗಿದೆ, ಹೊಸ ಪೈಸೆ ಬಂದಿದೆ, ಹೊಸ ಪಾತ್ರೆ ಯಾಕೆ ಬೇಡ ಅಂತ ಜನ ಕೇಳುತ್ತಿದ್ದರು. ಆದರೆ ಕಣದ ಗಿಂಡಿಗೆ ಮಾತ್ರ ಯಾರೂ ಅಲ್ಯುಮಿನಿಯಂ ತರಲಿಲ್ಲ, ತರುವುದೂ ಇಲ್ಲ. ತೆಂಗಿನಕಾಯಿಗಿಂತ ತುಸು ದೊಡ್ಡ ಹೊಟ್ಟೆ, ಸಣ್ಣ ಕುತ್ತಿಗೆ, ಪಕ್ಕಕ್ಕೊಂದು ಮೇಲೆ ನೋಡುವ ಸೊಂಡಿಲು. ಮೈತುಂಬ ಕೆಮ್ಮಣ್ಣು ಬಳಿದು, ಹಸಿ ಮಣ್ಣಿನ ಸಣ್ಣ ಸಣ್ಣ ಉಬ್ಬುಗಳನ್ನು ಕೂರಿಸಿ, ಸುಟ್ಟು ಬಂದ ಮೇಲೆ ಅಕ್ಕಿಹಿಟ್ಟಿನ ಬಿಳಿಗೆರೆ ಎಳೆದರೆ ಗಿಂಡಿ ಸಿದ್ಧ. ಗೌಡರ ಕಣದಲ್ಲಿ ಭತ್ತ ತೂರಿ ರಾಶಿ ಮಾಡಿದ ದಿನ ಅದರಲ್ಲಿ ಹಾಲು ಬೆರೆಸಿದ ಕೆರೆ ನೀರು ತುಂಬಿ ರಾಶಿಯ ಸುತ್ತ ಧಾರೆ ಬಿಡಬೇಕು. ಆಮೇಲೆ ಅದೇ ಗಿಂಡಿಯಲ್ಲಿ ಹೊಸ ಭತ್ತ ತುಂಬಿ, ಗೌಡ್ತಿ ತನ್ನ ಕೈಯಾರೆ ಗಿಂಡಿ ಬರೆದವಳ ಉಡಿಗೆ ಸುರಿಯಬೇಕು. ಊರಿನ ಹೆಂಗಸರೆಲ್ಲ ನಿಂತು ನೋಡುತ್ತಿರುತ್ತಾರೆ. ಭತ್ತ ಹೊತ್ತು, ಗಿಂಡಿ ಹಿಡಿದು, ಓಣಿಯುದ್ದಕ್ಕೂ ನಡೆದು ಮನೆಗೆ ಬರುವುದು. ವರ್ಷಕ್ಕೆ ಅದೊಂದು ದಿನ ಮಹಾದೇವಮ್ಮ ಯಾರ ಹೆಂಡತಿಯೂ ಅಲ್ಲ, ಯಾರ ಸೊಸೆಯೂ ಅಲ್ಲ, ಗಿಂಡಿ ಬರೆದವಳು. ಎರಡು ಹೆಣ್ಣು ಹೆತ್ತು ಮದುವೆ ಮಾಡಿ ಕಳಿಸಿದ ಮೇಲೆ ಅವಳಿಗೆ ತನ್ನದು ಅಂತ ಉಳಿದದ್ದು ಆ ಒಂದು ದಿನವೇ.

ಗಿಂಡಿ ಬರೆಯುವುದನ್ನು ಅವಳಿಗೆ ಕಲಿಸಿದ್ದು ಅತ್ತೆ ದ್ಯಾಮಮ್ಮ. ಕಲಿಸಿದ್ದು ಅನ್ನುವುದಕ್ಕಿಂತ ಕುಟ್ಟಿದ್ದು ಅನ್ನಬೇಕು. ಒಂದು ಉಬ್ಬು ಓರೆಯಾದರೆ ಬೆರಳ ಗೆಣ್ಣಿಗೆ ಹಲಗೆಯಿಂದ ಏಟು. ಈಗ ಮುದುಕಿಗೆ ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು ನೆರಳು ಮಾತ್ರ ಕಾಣುತ್ತದೆ. ಆದರೂ ಪ್ರತಿ ಸುಗ್ಗಿಗೆ ಗಿಂಡಿ ಮೊದಲು ಅವಳ ಕೈಗೆ ಹೋಗಬೇಕು. ಬೆರಳಾಡಿಸಿ ನೋಡುತ್ತಾಳೆ. ನೋಡಿ, ಅವತ್ತಿನಿಂದ ಇವತ್ತಿನವರೆಗೆ ಒಂದೇ ಮಾತು ಹೇಳುತ್ತಾಳೆ: "ನಡೀತತಿ."

ನಡೀತತಿ! ಚೆನ್ನಾಗಿದೆ ಅಂತಲ್ಲ, ಕೆಟ್ಟಿದೆ ಅಂತಲೂ ಅಲ್ಲ. ಹರಿದ ಚಾಪೆಗೂ ಅದನ್ನೇ ಹೇಳಬಹುದು, ಉಪ್ಪು ಕಮ್ಮಿಯಾದ ಸಾರಿಗೂ ಅದನ್ನೇ ಹೇಳಬಹುದು. ಆ ಮಾತು ಕೇಳಿ ಮಹಾದೇವಮ್ಮ ಪ್ರತಿ ವರ್ಷ ನುಂಗಿಕೊಂಡಿದ್ದಾಳೆ. ಬರುವ ವರ್ಷ ಚೆನ್ನಾಗಿದೆ ಅಂತ ಹೇಳಿಸಿಯೇನು ಅಂದುಕೊಂಡಿದ್ದಾಳೆ.

ಕಣದ ಗಿಂಡಿ ಅಂದರೆ ಗುರುಮಲ್ಲಪ್ಪ ಯಾವಾಗಲೂ ತಿಗರಿಯಲ್ಲಿ ಎರಡು ಮಾಡುವುದು. ಸುಡುವಾಗ ಒಂದು ಹೋದರೆ ಇನ್ನೊಂದು ಇರಲಿ ಅಂತ. ಎರಡನ್ನೂ ಮಹಾದೇವಮ್ಮನೇ ಬರೆಯುವುದು ವಾಡಿಕೆ. ಈ ಸಲ ನೀಲಾಂಬಿಕ ಹಿಂದೆ ಮುಂದೆ ಸುಳಿದು, "ಅಕ್ಕಾ, ನಾನೂ ಒಂದು ಬರೀಲಾ? ನಮ್ಮೂರಲ್ಲಿ ಪುಂಡಿನಾರಿನ ಕುಂಚದಲ್ಲಿ ಗೋಡೆಗೆ ಚಿತ್ತಾರ ಬರೀತಿದ್ರು, ನಾನು ಅವರ ಜೊತೆ ಕೂತು ಕಲ್ತಿದ್ದೆ" ಅಂದಳು. ಪೀಡೆ ತೊಲಗಲಿ ಅಂತ ಮಹಾದೇವಮ್ಮ ಎರಡನೆಯದನ್ನು ಅವಳ ಮುಂದೆ ತಳ್ಳಿದಳು. "ತಗೋ, ಆಡ್ಕೋ. ಅದೇನ್ ಕಣಕ್ಕ ಹೋಗೂದಲ್ಲ."

ನೀಲಾಂಬಿಕ ಆಡಿಕೊಳ್ಳಲಿಲ್ಲ. ಭತ್ತದ ಕಾಳಿನಷ್ಟೇ ಮಣ್ಣು ಹೊಸೆದು, ಎರಡು ತುದಿ ಚೂಪು ಮಾಡಿ, ಒಂದೊಂದೇ ಕೂರಿಸಿದಳು. ಮಹಾದೇವಮ್ಮ ತನ್ನ ಗಿಂಡಿಗೆ ಅತ್ತೆ ಕಲಿಸಿದ, ಹಾವು ಸುತ್ತಿಕೊಂಡ ಹಾಗಿನ ನಾಗಮುರಿ ಹೆಣೆಯುವ ಹೊತ್ತಿಗೆ, ಆ ಕಡೆ ಗಿಂಡಿಯ ಹೊಟ್ಟೆಯಿಂದ ತೆನೆಗಳು ಎದ್ದು, ಕುತ್ತಿಗೆ ಸುತ್ತಿ, ಭಾರಕ್ಕೆ ಬಾಗಿ ಸೊಂಡಿಲ ಬುಡಕ್ಕೆ ಬಂದು ತೂಗುತ್ತಿದ್ದವು. ಹಾಡು ಬೇರೆ ಗುನುಗುತ್ತಿದ್ದಳು. ಒಂದು ಏಟು ತಿನ್ನದೆ ಕಲಿತವಳು! ಮಹಾದೇವಮ್ಮನಿಗೆ ತನ್ನ ಬೆರಳ ಗೆಣ್ಣು ಹಳೆಯ ನೋವಿನಿಂದ ಚುಳ್ಳೆಂದಿತು. ಅದನ್ನು ತಡೆದುಕೊಂಡಳು. ಗಂಡ ತಿರುಗಿಸಿ ನೋಡಿದ್ದನ್ನು ತಡೆದುಕೊಳ್ಳಲು ಆಗಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಅಣ್ಣತಮ್ಮ ಆವಿಗೆಗೆ ಸೌದೆ ತರಲು ಹೋಗಿದ್ದರು, ನೀಲಾಂಬಿಕ ಕೆರೆಗೆ ಹೋಗಿದ್ದಳು, ದ್ಯಾಮಮ್ಮ ಜಗಲಿಯ ಮೇಲೆ ತೂಕಡಿಸುತ್ತಿದ್ದಳು. ಹಿತ್ತಲಲ್ಲಿ ಮಣ್ಣು ತುಳಿಯುವ ಗುಂಡಿಯ ಪಕ್ಕ ಒಂದು ತೆಂಗಿನ ಚಿಪ್ಪಿತ್ತು. ಅದರಲ್ಲಿ ಮಹಾದೇವಮ್ಮ ಮಣ್ಣಿನಿಂದ ಆರಿಸಿ ತೆಗೆದ ಸುಣ್ಣದ ಹರಳುಗಳಿದ್ದವು.

ಕೆರೆಯ ಮಣ್ಣಿನ ಕಂಟಕವೇ ಅದು. ಬಿಳಿಯ ಸಣ್ಣ ಹರಳು, ಮಣ್ಣಿನಲ್ಲಿದ್ದಾಗ ಸಾಧು. ಬೆಂಕಿಯಲ್ಲಿ ಬೆಂದಾಗಲೂ ಸುಮ್ಮನೆ ಇರುತ್ತದೆ. ಗಡಿಗೆ ಗಟ್ಟಿಯಾಗಿ ಟಣ್ ಅನ್ನುತ್ತದೆ. ಆಮೇಲೆ ಎಂದೋ ನೀರು ತಾಗಿತೆಂದರೆ ಒಳಗೆ ಬೆಂದ ಸುಣ್ಣ ಉಬ್ಬಿ ಅರಳಿ ಗಡಿಗೆಯನ್ನು ಸೀಳಿಬಿಡುತ್ತದೆ. ಅದಕ್ಕೇ ಹೆಂಗಸರು ಬರಿಗಾಲಲ್ಲಿ ಮಣ್ಣು ತುಳಿಯುವುದು, ಅಂಗಾಲಿಗೆ ತಾಗಿದ್ದನ್ನು ಆರಿಸಿ ಎಸೆಯುವುದು. ಮಹಾದೇವಮ್ಮ ಈ ಮನೆಗೆ ಬಂದ ಮೇಲೆ ಇವರ ಒಂದು ಗಡಿಗೆ ಹರಳಿನಿಂದ ಒಡೆದಿಲ್ಲ. ಈ ಸಲ ಒಂದು ಮೂಲೆಯ ಮಣ್ಣನ್ನು ನೀಲಾಂಬಿಕ ತುಳಿದಿದ್ದಳು. ಇವಳ ಕಾಲಿಗೆ ಏನು ಗೊತ್ತು ಅಂತ ಮಹಾದೇವಮ್ಮ ಅದನ್ನು ಮತ್ತೆ ತುಳಿದು ಚೊಕ್ಕ ಮಾಡಿದ್ದಳು. ಹಾಗೆ ತುಳಿಯುವುದು ದೊಡ್ಡ ಸಂಗತಿ ಅಂತ ಮಹಾದೇವಮ್ಮನಿಗೇ ಅನ್ನಿಸಿರಲಿಲ್ಲ. ಕಾಲಿನ ಕೆಲಸವನ್ನು ಯಾರು ಹೊಗಳುತ್ತಾರೆ? ಕಾಲನ್ನು ತೊಳೆಯುತ್ತಾರೆ, ಅಷ್ಟೇ.

ಚಿಪ್ಪಿನಿಂದ ಕಡಲೆಕಾಳಿನಷ್ಟು ದಪ್ಪದ ಹರಳೊಂದನ್ನು ಆರಿಸಿದಳು. ನೀಲಾಂಬಿಕಳ ಗಿಂಡಿ ಎತ್ತಿಕೊಂಡು, ಸೊಂಡಿಲು ಹೊಟ್ಟೆಗೆ ಕೂಡುವಲ್ಲಿ ಬೆರಳು ಒದ್ದೆ ಮಾಡಿ ಮೆಲ್ಲಗೆ ಒಂದು ಗುಳಿ ಕೊರೆದಳು. ಹರಳನ್ನು ಒತ್ತಿ, ಮೇಲೆ ಮಣ್ಣು ಮುಚ್ಚಿ, ನೀರು ಸವರಿ ನುಣುಪು ಮಾಡಿದಳು. ಅಷ್ಟರಲ್ಲಿ ಪಕ್ಕದ ತೆನೆಯ ಒಂದು ಕಾಳು ಕಿತ್ತು ಬಂತು. ಸರಿ, ಒಂದು ಕಾಳು ತಾನೆ ಅಂತ ಹೊಸದಾಗಿ ಹೊಸೆದು ಇಟ್ಟಳು. ಕೂರಲಿಲ್ಲ. ಕಿತ್ತು ಮತ್ತೆ ಇಟ್ಟಳು, ದಪ್ಪವಾಯಿತು. ಇನ್ನೊಂದು ಮಾಡಿದಳು, ಓರೆಯಾಯಿತು. ಆ ಹುಡುಗಿ ಗುನುಗುತ್ತ ಇಟ್ಟದ್ದನ್ನು ಇವಳು ಉಸಿರು ಬಿಗಿಹಿಡಿದರೂ ಇಡಲಾಗಲಿಲ್ಲ. ಕಡೆಗೆ ಹೇಗೋ ಒಂದು ಅಂಟಿಸಿ ಕೈ ತೊಳೆದುಕೊಂಡಾಗ ಅವಳಿಗೆ ಹೆದರಿಕೆಗಿಂತ ಅವಮಾನವೇ ಹೆಚ್ಚಾಗಿತ್ತು.

ನೀಲಾಂಬಿಕಳ ಗಿಂಡಿ ಹೇಗೂ ಕಣಕ್ಕೆ ಹೋಗುವುದಿಲ್ಲ, ಮನೆಯಲ್ಲೇ ಯಾವತ್ತೋ ನೀರು ತುಂಬಿದಾಗ ಒಡೆಯುತ್ತದೆ, ಅವತ್ತು ಗಂಡನಿಗೆ ತೋರಿಸಿ "ನೋಡ್ರಿ, ನೀವು ತಿರುಗಿಸಿ ತಿರುಗಿಸಿ ನೋಡಿದ ಗಿಂಡಿ" ಅನ್ನಬೇಕು. ಇಷ್ಟೇ ಅವಳು ಲೆಕ್ಕ ಹಾಕಿದ್ದು.

ಆವಿಗೆ ಬಿಚ್ಚಿದರು. ಎರಡೂ ಗಿಂಡಿ ಕೆಂಪಗೆ ಬೆಂದು ಬಂದವು. ಬಡಿದು ನೋಡಿದರೆ ಎರಡೂ ಟಣ್ ಟಣ್. ಇಬ್ಬರೂ ಅಕ್ಕಿಹಿಟ್ಟಿನ ಗೆರೆ ಎಳೆದರು. ಸಂಜೆ ಮಹಾದೇವಮ್ಮ ತನ್ನ ಗಿಂಡಿಯನ್ನು ಅತ್ತೆಯ ಕೈಗೆ ಕೊಟ್ಟಳು. ಮುದುಕಿಯ ಬೆರಳು ನಾಗಮುರಿಯ ಮೇಲೆ ಹೋಯಿತು, ಬಂತು.

"ನಡೀತತಿ," ಅಂದಳು. "ಇನ್ನೊಂದು ಎಲ್ಲೈತಿ? ಎರಡೂ ನೋಡದ ಆರಸ್ಲಿ ಹೆಂಗ? ಕೊಡು."

ಎರಡನೆಯದನ್ನೂ ಮಹಾದೇವಮ್ಮನೇ ಬರೆದಿದ್ದಾಳೆ ಅಂತ ಅವಳ ಎಣಿಕೆ. ಪ್ರತಿ ವರ್ಷ ಹಾಗೇ ತಾನೆ. ನೀಲಾಂಬಿಕ ತಂದು ಕೈಗಿಟ್ಟು ಹಿಂದೆ ಸರಿದಳು. ದ್ಯಾಮಮ್ಮನ ಬೆರಳು ತೆನೆಯ ಮೇಲೆ ಏರಿತು, ನಿಂತಿತು. ಕಾಳು ಕಾಳನ್ನೇ ಸವರುತ್ತ ಕುತ್ತಿಗೆಗೆ ಹೋಯಿತು, ಬಾಗಿದ ತುದಿಗೆ ಇಳಿಯಿತು, ಮತ್ತೆ ಬುಡದಿಂದ ಹೊರಟಿತು.

"ಮಾದೇವೀ," ಅಂದಳು. "ಬಾರವ್ವ ಇಲ್ಲಿ." ಮಹಾದೇವಮ್ಮನ ಕೈ ಹಿಡಿದು, ಹಿಂದೆ ಹಲಗೆಯಿಂದ ಹೊಡೆದ ಅದೇ ಗೆಣ್ಣುಗಳನ್ನು ನೀವಿದಳು. "ಇಷ್ಟು ವರ್ಷದ ಮ್ಯಾಲೆ ಕೈ ತಿರುಗಿತಲ್ಲೇ ನಿಂದು! ಇಂಥಾದ್ದನ್ನ ನಾನೂ ಬರ್ದಿಲ್ಲ, ನಮ್ಮತ್ತೀನೂ ಬರ್ದಿಲ್ಲ. ಇದಾ ಹೋಗ್ಲಿ ಕಣಕ್ಕ. ಇನ್ನ ನಾನು ಕಣ್ಣು ಮುಚ್ಚಿದ್ರೂ ಚಿಂತಿಲ್ಲ." ಮತ್ತೊಮ್ಮೆ ಬೆರಳಾಡಿಸಿ ನಕ್ಕಳು. "ಇದೊಂದು ಕಾಳು ಮಾತ್ರ ಯಾಕೋ ನಿನ್ನ ಹಳೇ ಕೈಯಾಗ ಕುಂತೈತಿ ನೋಡು. ಇರ್ಲಿ."

ಮಹಾದೇವಮ್ಮ ಜೀವಮಾನವಿಡೀ ಕಾದ ಮಾತು ಇದು. ಬಂತು, ಕಿವಿಗೆ ಬಿತ್ತು, ಆದರೆ ಬೇರೆಯವಳ ವಿಳಾಸಕ್ಕೆ ಬಂತು. ಅವಳು ನೀಲಾಂಬಿಕಳ ಕಡೆ ನೋಡಿದಳು. ನೀಲಾಂಬಿಕ ಏನೋ ಹೇಳಲು ತುಟಿ ತೆರೆದವಳು, ಅತ್ತೆಯ ಮುಖ ನೋಡಿ, ಸುಮ್ಮನಾದಳು. ಮಹಾದೇವಮ್ಮನೂ ತುಟಿ ಪಿಟಕ್ಕೆನ್ನಲಿಲ್ಲ.

ಒಲೆಯ ಮುಂದೆ ಇಬ್ಬರೇ ಸಿಕ್ಕಾಗ ಅವಳು ಕೇಳಿಯೇ ಬಿಟ್ಟಳು. "ಯಾಕ ಬಾಯಿ ಮುಚ್ಕೊಂಡು ನಿಂತಿ? ನಂದು ಅಂತ ಹೇಳ್ಬೇಕಿತ್ತು."

"ಅತ್ತೆ ಅಷ್ಟು ಖುಷೀಲಿ ಇದ್ರಲ್ಲಾ ಅಕ್ಕಾ," ಅಂದಳು ನೀಲಾಂಬಿಕ, ರೊಟ್ಟಿ ತಟ್ಟುತ್ತ. "ಯಾರು ಬರೆದ್ರೆ ಎಂತ? ಮನೆ ಗಿಂಡಿ ಅಲ್ದಾ?"

ಬೈದಿದ್ದರೆ, ಅತ್ತಿದ್ದರೆ, ಗಂಡನ ಹತ್ತಿರ ಹೋಗಿ ಚಾಡಿ ಹೇಳಿದ್ದರೆ ಮಹಾದೇವಮ್ಮನಿಗೆ ಎಷ್ಟೋ ಹಗುರಾಗುತ್ತಿತ್ತು. ಇವಳು ದಾನ ಕೊಟ್ಟಳು! ಹಳೆಯ ಸೀರೆ ಕೊಟ್ಟ ಹಾಗೆ ಕೊಟ್ಟು, ರೊಟ್ಟಿ ತಟ್ಟುತ್ತ ಕೂತಳು. ಅವಳ ಬೆರಳು ಉದ್ದ, ಅವಳ ರೊಟ್ಟಿ ದುಂಡಗೆ, ಅವಳ ಮನಸ್ಸು ಕೂಡ ದೊಡ್ಡದು. ಏನೂ ಉಳಿಸಲಿಲ್ಲ ಇವಳು ಬೇರೆಯವರಿಗೆ.

ಕಣದ ದಿನದವರೆಗೆ ಮಹಾದೇವಮ್ಮನಿಗೆ ನಿದ್ದೆ ಊಟ ಎರಡೂ ಸರಿಯಾಗಿ ಹತ್ತಲಿಲ್ಲ. ಕಣದಲ್ಲಿ ಗಿಂಡಿ ಒಡೆಯುವುದೆಂದರೆ ಗೌಡರ ಮನೆಗೆ ದೊಡ್ಡ ಅಪಶಕುನ. ಊರೆಲ್ಲ ವರ್ಷವಿಡೀ ಆಡಿಕೊಳ್ಳುತ್ತದೆ. ಒಡೆಯುವ ಗಿಂಡಿ ಈಗ ಅವಳ ಹೆಸರಿನದು. ಗಿಂಡಿಯನ್ನು ಕೈ ತಪ್ಪಿದ ಹಾಗೆ ಬೀಳಿಸಿಬಿಡಬಹುದಿತ್ತು. ಹಾಗಂತ ಒಮ್ಮೆ ಎತ್ತಿಯೂ ಎತ್ತಿದಳು. ಬೀಳಿಸಲಾಗಲಿಲ್ಲ. ಅತ್ತೆಯ ಆ ಮಾತು ಆ ಗಿಂಡಿಯೊಳಗೇ ಇತ್ತು. ಗಿಂಡಿ ಒಡೆದರೆ ಅದೂ ಒಡೆಯುತ್ತಿತ್ತು. ಹರಳು ಬೆಂದಿರಲಿಕ್ಕಿಲ್ಲ, ಸುಮ್ಮನೆ ಕಲ್ಲಾಗಿಯೇ ಉಳಿದಿರಬಹುದು ಅಂತ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡದ್ದನ್ನು ನಂಬಲೂ ನೋಡಿದಳು.

ಶಾಂತವೀರಪ್ಪ ಗೌಡರ ಕಣದಲ್ಲಿ ರಾಶಿ ಎದ್ದಿತ್ತು. ನೆತ್ತಿಯ ಮೇಲೆ ಸಗಣಿ ಬೆನಕನನ್ನು ಕೂರಿಸಿ ಹೂ ಸಿಕ್ಕಿಸಿದ್ದರು. ಎತ್ತುಗಳನ್ನು ಕಣದ ನಡುವಿನ ಮೇಟಿ ಕಂಬದಿಂದ ಬಿಚ್ಚಿ ಆಚೆ ಕಟ್ಟಿದ್ದರು. ಗೌಡ್ತಿ ರಾಜೇಶ್ವರಮ್ಮ ಗಿಂಡಿ ನೋಡಿದ್ದೇ, "ಅಯ್ಯೋ ಇದೇನ್ ಮಾದೇವಮ್ಮ, ತೆನಿ ಮುರ್ದು ಅಂಟಿಸೀಯೇನು? ಇಂಥಾದ್ದು ಬರೀತಿದ್ದಿ ಅಂದ್ರ ಇಷ್ಟು ವರ್ಷ ಎಲ್ಲಿ ಬಚ್ಚಿಟ್ಕೊಂಡಿದ್ದಿ?" ಅಂತ ಸುತ್ತಲಿನ ಹೆಂಗಸರಿಗೆಲ್ಲ ತೋರಿಸಿದಳು. ಹೊಗಳಿಕೆ ಅಂದರೆ ಹೀಗೂ ಚುಚ್ಚುತ್ತದೆ ಅಂತ ಮಹಾದೇವಮ್ಮನಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಬರೆದದ್ದನ್ನು ಗೌಡ್ತಿ ಒಂದೇ ಮಾತಿನಲ್ಲಿ ಗುಡಿಸಿ ಹಾಕಿದ್ದಳು. ಹಿಂದೆ ನೀಲಾಂಬಿಕ ಬುಟ್ಟಿ ಹಿಡಿದು ನಿಂತಿದ್ದಳು. ಬುಟ್ಟಿಯಲ್ಲಿ ಬಟ್ಟೆ ಮುಚ್ಚಿ ಎರಡನೆಯ ಗಿಂಡಿ ಇತ್ತು. ಯಾವುದಕ್ಕೂ ಇರಲಿ ಅಂತ ಅದನ್ನು ಒಯ್ಯುವುದು ವಾಡಿಕೆ.

ನೀರು ಹಾಲು ತುಂಬಿದರು. ಇನ್ನು ಧಾರೆ ಮುಗಿಯುವವರೆಗೆ ಯಾರೂ ಮಾತಾಡುವಂತಿಲ್ಲ. ಕೆಮ್ಮುವವರು ಕೂಡ ಮೊದಲೇ ಕೆಮ್ಮಿಕೊಂಡು ನಿಂತರು. ಗೌಡರು ತಲೆಗೆ ಪಟಕ ಸುತ್ತಿಕೊಂಡು, ಗಿಂಡಿಯನ್ನು ರಾಶಿಯ ಮುಂದೆ ಇಟ್ಟು, ಕರ್ಪೂರ ಹಚ್ಚಿ, ಕಣ್ಣು ಮುಚ್ಚಿ ನಿಂತರು. ಎಷ್ಟು ಹೊತ್ತು ಈ ಮನುಷ್ಯನ ಪ್ರಾರ್ಥನೆ! ಮಹಾದೇವಮ್ಮನ ಕಣ್ಣು ಸೊಂಡಿಲ ಬುಡವನ್ನು ಬಿಟ್ಟು ಅಲುಗಲಿಲ್ಲ. ಬೇಗ ಸುರಿರಿ, ಮುಗಿಸ್ರಿ, ಅಂತ ಮನಸ್ಸಿನಲ್ಲೇ ಒದರಿದಳು. ಗೌಡರು ಗಿಂಡಿ ಎತ್ತಿ ಧಾರೆ ಬಿಡುತ್ತ ಹೆಜ್ಜೆ ಹಾಕಿದರು. ಅರ್ಧ ಸುತ್ತು ಆಯಿತು. ರಾಶಿಯ ಆ ಮಗ್ಗುಲಿಗೆ ಹೋದಾಗ ಸಣ್ಣದೊಂದು ಸದ್ದು ಕೇಳಿಸಿತು, ಒಣ ಕಡ್ಡಿ ಮುರಿದ ಹಾಗೆ. ಸೊಂಡಿಲು ಕಳಚಿ ನೆಲಕ್ಕೆ ಬಿತ್ತು. ತೂತಿನಿಂದ ನೀರು ದಬದಬ ಸುರಿದು ಗೌಡರ ಪಾದ ತೋಯಿಸಿತು.

ಯಾರೂ ಉಸಿರೆತ್ತಲಿಲ್ಲ, ಎತ್ತುವಂತಿರಲಿಲ್ಲ. ಗೌಡರ ಮುಖ ಬೂದಿಯಾಯಿತು. ರಾಜೇಶ್ವರಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ಅಷ್ಟರಲ್ಲಿ ನೀಲಾಂಬಿಕ ಬುಟ್ಟಿಯ ಬಟ್ಟೆ ಸರಿಸಿ, ಮಹಾದೇವಮ್ಮ ಬರೆದ ಗಿಂಡಿಯನ್ನು ತೆಗೆದು, ಕೊಡದಲ್ಲಿ ಉಳಿದ ಹಾಲುನೀರು ತುಂಬಿ, ಹೋಗಿ ಗೌಡರ ಮುಂದೆ ಹಿಡಿದಳು. ಗೌಡರು ಒಡಕನ್ನು ಕೆಳಗಿಟ್ಟು, ಅದನ್ನು ತೆಗೆದುಕೊಂಡು, ಧಾರೆ ತುಂಡಾದಲ್ಲಿಂದ ಉಳಿದ ಸುತ್ತು ಮುಗಿಸಿದರು. ಹಳೆಯ ನಾಗಮುರಿಯ ಗಿಂಡಿ ಒಂದು ಹನಿ ಸೋರಲಿಲ್ಲ.

ಗಂಡಸರ ಸಾಲಿನಲ್ಲಿದ್ದ ಗುರುಮಲ್ಲಪ್ಪ ಮುಂದೆ ಬಂದು, ಬಗ್ಗಿ ಸೊಂಡಿಲನ್ನು ಆರಿಸಿಕೊಂಡ. ಒಡಕಿನಲ್ಲಿ ಬೆರಳಿಟ್ಟು ತಿಕ್ಕಿದ. ಬೆರಳ ತುದಿಗೆ ಬೆಳ್ಳಗೆ ಸುಣ್ಣ ಹತ್ತಿತು. ಅವನು ತಲೆ ಎತ್ತಿ ಹೆಂಡತಿಯನ್ನು ನೋಡಿದ. ಎರಡು ಸಲ ನೋಡಿದ. ಇಷ್ಟು ವರ್ಷದಲ್ಲಿ ಅವನು ಅವಳನ್ನು ಹಾಗೆ ನೋಡಿದ್ದು ಅದೇ ಮೊದಲು.

ವಾಡಿಕೆ ತಪ್ಪಬಾರದಲ್ಲ, ರಾಜೇಶ್ವರಮ್ಮ ಉಳಿದ ಗಿಂಡಿಯಲ್ಲಿ ಭತ್ತ ತುಂಬಿ ತಂದಳು. "ಇದೂ ನಿನ್ನ ಕೈದ ಅಲ್ಲೇನು? ಉಡಿ ಒಡ್ಡು," ಅಂದಳು, ಆದರೆ ನಗಲಿಲ್ಲ. ಭತ್ತ ಉಡಿಗೆ ಬಿತ್ತು. ಅದನ್ನು ಹೊತ್ತು ಮಹಾದೇವಮ್ಮ ಓಣಿಯುದ್ದಕ್ಕೂ ತಲೆ ತಗ್ಗಿಸಿ ನಡೆದಳು.

ಮನೆಗೆ ಬರುವಷ್ಟರಲ್ಲಿ ಸುದ್ದಿ ದ್ಯಾಮಮ್ಮನಿಗೆ ಮುಟ್ಟಿತ್ತು. ಜಗಲಿಯ ಮೇಲೆ ಕೋಲು ಕುಟ್ಟುತ್ತ ಕೂತಿದ್ದಳು. "ಹರಳಾ? ನಮ್ಮ ಮನಿ ಮಣ್ಣಾಗ ಹರಳಾ? ಈ ಸಲ ಮಣ್ಣು ತುಳಿದೋರು ಯಾರು?"

"ನಾನೂ ತುಳಿದಿದ್ದೆ ಅತ್ತೆ, ಒಂದು ಮೂಲೆ," ಅಂದಳು ನೀಲಾಂಬಿಕ.

"ಅದಾ ಮತ್ತ! ಮಾದೇವಿ ಜೀವಮಾನದಾಗ ಒಮ್ಮೆ ಅಂಥಾ ಗಿಂಡಿ ಬರದ್ಲು, ಅದನ್ನ ನಿನ್ನ ಕಾಲು ತಿಂತಲ್ಲೇ! ಲೋಕಪ್ಪಾ, ನಾಳಿ ಬಸ್ಸಿಗೆ ಇವಳನ್ನ ಉಳವಿಗೆ ಬಿಟ್ಟು ಬಾ. ಸುಗ್ಗಿ ಮುಗೀಲಿ. ಬಂದ ಮ್ಯಾಲೂ ಇವಳು ಮಣ್ಣು ಮುಟ್ಟೂದು ಬ್ಯಾಡ, ಗಿಂಡಿ ಮುಟ್ಟೂದು ಬ್ಯಾಡ."

ಲೋಕಪ್ಪ ಅಣ್ಣನ ಮುಖ ನೋಡಿದ. ಅಣ್ಣ ಕಂಬಕ್ಕೆ ಒರಗಿ, ಸೊಂಡಿಲನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದ. ಮಹಾದೇವಮ್ಮನ ಉಡಿಯಲ್ಲಿ ಇನ್ನೂ ಭತ್ತ ಇತ್ತು. ಅವಳಿಗೆ ಬೇಕಾದದ್ದೆಲ್ಲ ಒಂದೇ ಸಲಕ್ಕೆ ಬಂದು ಬಿದ್ದಿತ್ತು. ಅತ್ತೆಯ ಹೊಗಳಿಕೆ ಇವಳದು, ಉಡಿ ಇವಳದು, ಆ ಉದ್ದ ಬೆರಳಿನವಳು ಇನ್ನು ಮಣ್ಣು ಮುಟ್ಟುವಂತಿಲ್ಲ. ಏನೂ ಮಾಡಬೇಕಾಗಿರಲಿಲ್ಲ, ಸುಮ್ಮನೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ನೀಲಾಂಬಿಕ ಕಣ್ಣು ಒರೆಸಿಕೊಂಡು ಅವಳ ಹತ್ತಿರ ಬಂದಳು. "ತಪ್ಪಾತು ಅಕ್ಕಾ. ನನ್ನ ಕಾಲಿಗೆ ಗೊತ್ತಾಗ್ಲಿಲ್ಲ." ಆಮೇಲೆ ದನಿ ತಗ್ಗಿಸಿ, "ಒಂದು ಹೇಳ್ಲಾ? ನಾನು ಬಂದಾಗಿಂದ ಇವರು ದಿನಾ ಅದೇ ಹೇಳೋದು. ಅತ್ತಿಗೆ ತುಳಿದ ಮಣ್ಣು, ಅತ್ತಿಗೆ ತುಳಿದ ಮಣ್ಣು, ಅಂಥಾ ಕಾಲು ಇನ್ನೊಂದಿಲ್ಲ ಅಂತ. ನಂಗೆ ಕೇಳಿ ಕೇಳಿ ಹೊಟ್ಟೆ ಉರೀತಿತ್ತು. ಅದಕ್ಕೇ ಜಿದ್ದಿಗೆ ಗುಂಡಿಗಿಳಿದೆ. ಕಡೆಗೆ ನಿಮ್ಮ ಹೆಸರನ್ನೇ ಹಾಳು ಮಾಡಿದೆ."

ಮಹಾದೇವಮ್ಮ ಅವಳನ್ನೇ ನೋಡಿದಳು. ಇವಳಿಗೆ ಹೊಟ್ಟೆ ಉರಿ? ನನ್ನ ಮೇಲೆ? ಈ ಒಡೆದ ಹಿಮ್ಮಡಿಯ ಮೇಲೆ? ಲೋಕಪ್ಪ ಹೇಳುತ್ತಿದ್ದ ಆ ಮಾತನ್ನು ಯಾರೊಬ್ಬರಾದರೂ ಅವಳ ಮುಂದೆ ಒಂದು ದಿನ ಹೇಳಿದ್ದರೆ! ಉಡಿಯ ಗಂಟು ಅವಳಿಗೆ ಗೊತ್ತಿಲ್ಲದೆ ಸಡಿಲವಾಯಿತು. ಭತ್ತ ಜಗಲಿಯ ಮೇಲೆ ಸುರಿಯಿತು.

"ಹರಳು ಇಟ್ಟೋಳು ನಾನು," ಅಂದಳು. "ಚಿಪ್ಪಿನಾಗಿಂದ ಆರಿಸಿ, ಕೈಯಾರೆ ಒತ್ತಿದೆ. ಗಿಂಡಿ ನಂದಲ್ಲ ಅತ್ತಿ. ಆ ತೆನಿ ಬರ್ದೋಳು ನೀಲಾ."

ಕೋಲಿನ ಸದ್ದು ನಿಂತಿತು. ಗುರುಮಲ್ಲಪ್ಪ ಕಂಬದಿಂದ ಸರಿದು ಬಂದು ಸೊಂಡಿಲನ್ನು ಜಗಲಿಯ ಮೇಲಿಟ್ಟ. "ನಂಗ ಕಣದಾಗಾ ಗೊತ್ತಾತು," ಅಂದ. "ಅವಳು ತುಳಿದಿದ್ದನ್ನ ನೀನು ಮತ್ತ ತುಳಿದಿದ್ದು ನೋಡೀನಿ. ನಿನ್ನ ಕಾಲು ತಪ್ಪಿಸ್ಕೊಂಡು ಹರಳು ಬರೂದಿಲ್ಲ. ನೀನಾ ಹೇಳ್ತಿ ಅಂತ ನಿಂತಿದ್ದೆ. ಹೇಳದಿದ್ರ ನಾನಾ ಹೇಳ್ತಿದ್ದೆ." ಅಷ್ಟು ಹೇಳಿ ಹಿತ್ತಲಿಗೆ ಹೋದ. ಗಂಡನ ಬಾಯಿಂದ ಹೊಗಳಿಕೆ ಅಂತ ಅವಳು ಕೇಳಿದ್ದು ಅದೊಂದೇ, ಅದೂ ಇಂಥ ಹೊತ್ತಿನಲ್ಲಿ.

ದ್ಯಾಮಮ್ಮ ಬಯ್ಯಲಿಲ್ಲ. "ಹಂಗಾದ್ರ ಆ ಕೈ ನಿಂದಲ್ಲ," ಅಂದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಬಯ್ದಿದ್ದರೆ ಮಹಾದೇವಮ್ಮ ತಡೆದುಕೊಳ್ಳುತ್ತಿದ್ದಳು.

ಮಹಾದೇವಮ್ಮ ಅವತ್ತೇ ಗೌಡರ ಮನೆಗೆ ಹೋಗಿ ರಾಜೇಶ್ವರಮ್ಮನ ಮುಂದೆಯೂ ಅದನ್ನೇ ಹೇಳಿ ಬಂದಳು. ಗೌಡ್ತಿ ಬಾಗಿಲ ಒಳಗೆ ಕರೆಯಲಿಲ್ಲ. ಲೋಕಪ್ಪ ಬೇರೆ ಒಲೆ ಹೂಡುತ್ತೇನೆ ಅಂತ ಕೆಲವು ದಿನ ಹಾರಾಡಿದ. ನೀಲಾಂಬಿಕ ಉಳವಿಗೂ ಹೋಗಲಿಲ್ಲ, ಬೇರೆ ಒಲೆಯನ್ನೂ ಹೂಡಲಿಲ್ಲ. ಆದರೆ ಮಹಾದೇವಮ್ಮನ ಜೊತೆ ಮಾತು ಬಿಟ್ಟಳು. ಅವಳ "ಎಂತ" ಇಲ್ಲದೆ ಅಡುಗೆಮನೆ ಬಿಕೋ ಅನ್ನುತ್ತಿತ್ತು. ಅದನ್ನು ಕೇಳಿದರೆ ಸಿಟ್ಟು ಬರುತ್ತಿದ್ದವಳಿಗೇ ಹಾಗನ್ನಿಸುತ್ತಿತ್ತು.

ಮುಂದಿನ ಆವಿಗೆಗೆ ಮಣ್ಣು ಬಂದ ದಿನ ಮಹಾದೇವಮ್ಮ ಸೀರೆ ಎತ್ತಿ ಕಟ್ಟಿ ಗುಂಡಿಗಿಳಿದಳು. ಸ್ವಲ್ಪ ಹೊತ್ತಿಗೆ ನೀಲಾಂಬಿಕ ಬಂದು ಗುಂಡಿಯ ಅಂಚಿನಲ್ಲಿ ನಿಂತಳು.

"ನನ್ನ ಗಿಂಡಿ ಒಡೆದ್ರಿ ನೀವು," ಅಂದಳು. "ಅದು ಇನ್ನು ಬರೋದಿಲ್ಲ. ಅದಕ್ಕೆ ಬದಲು ನಿಮ್ಮ ಕಾಲಿನ ಕೆಲಸ ನಂಗೆ ಕಲಿಸ್ಬೇಕು. ಪೂರ್ತಿ ಕಲಿಸ್ಬೇಕು, ಉಳಿಸ್ಕೊಳ್ಳೋ ಹಾಂಗಿಲ್ಲ."

ಕ್ಷಮಿಸಿದೆ ಅಂತ ಹೇಳಲಿಲ್ಲ. ಮಹಾದೇವಮ್ಮನೂ ಕೇಳಲಿಲ್ಲ. ಸರಿದು ಜಾಗ ಬಿಟ್ಟಳು. ಹಿಮ್ಮಡಿ ಊರಬಾರದು, ಬೆರಳಿನಿಂದ ಹುಡುಕಬಾರದು, ಅಂಗಾಲಿನ ನಡುವೆ ಮಣ್ಣು ತಾನಾಗಿ ಹರಿದು ಬರಬೇಕು, ಹೀಗೆ ಎಲ್ಲವನ್ನೂ ಹೇಳಿದಳು. ಆಮೇಲೆ ಚಿಪ್ಪಿನಿಂದ ಎರಡು ಹರಳು ತೆಗೆದುಕೊಂಡಳು. ಒಂದು ಬರೀ ನೊರಜುಗಲ್ಲು, ಇನ್ನೊಂದು ಸುಣ್ಣದ್ದು. ಎರಡೂ ಒಂದೇ ಗಾತ್ರ. ಇವೆರಡನ್ನು ಕಾಲಲ್ಲಿ ಬೇರೆ ಮಾಡಲು ಮಹಾದೇವಮ್ಮನಿಗೇ ಎರಡು ಮಳೆಗಾಲ ಹಿಡಿದಿತ್ತು. ಸುಣ್ಣದ್ದನ್ನು ಮಣ್ಣಿನೊಳಗೆ ಹುದುಗಿಸಿ ನೀಲಾಂಬಿಕಳ ಪಾದದ ಕೆಳಗೆ ಸರಿಸಿದಳು.

"ಯಾವುದು, ಹೇಳು."

ನೀಲಾಂಬಿಕ ಕಣ್ಣು ಮುಚ್ಚಿ ಕಾಲನ್ನು ಮೆಲ್ಲಗೆ ತೂಗಿದಳು. "ಇದು ಒಂಚೂರು ಜಾರ್ತದೆ," ಅಂದಳು. "ಸುಣ್ಣದ್ದು. ಅಲ್ದಾ ಅಕ್ಕಾ?"

ಮೊದಲನೆಯ ಸಲಕ್ಕೇ! ಮಹಾದೇವಮ್ಮನ ಹೊಟ್ಟೆಯಲ್ಲಿ ಆ ಹಳೆಯ ಕೆಂಡ ಚುರ್ರೆಂದಿತು. ಹಿತ್ತಲ ಜಗಲಿಯ ಮೇಲೆ ಕೂತಿದ್ದ ದ್ಯಾಮಮ್ಮ ಈ ಕಡೆಗೇ ಕಿವಿಗೊಟ್ಟು ಕೇಳುತ್ತಿದ್ದಳು. ನೀಲಾಂಬಿಕ ಕಣ್ಣು ತೆರೆದು, ಸರಿಯೋ ತಪ್ಪೋ ಹೇಳಿ ಅಂತ, ಅಕ್ಕನ ಬಾಯನ್ನೇ ನೋಡುತ್ತ ನಿಂತಿದ್ದಳು.

"ನಡೀತತಿ," ಅಂದಳು ಮಹಾದೇವಮ್ಮ.